ಇಪ್ಪತ್ತಮೂರನೆಯ ಪ್ರಶ್ನೆಗೆ ಒರ್ಲಿಂದಾ ಕೊಟ್ಟ ಎರಡು ಉತ್ತರ

ಬರ್ರಾಂಕೊ ಊರಿನಿಂದ ಬೆಳಗಿನ ಐದೂವರೆಗೆ ಕಾರು ಹೊರಡಿಸಿ ಗುಡ್ಡ ಹತ್ತುವವರು ಮೂವತ್ತಕ್ಕೆ ಕಡಿಮೆ ಇಲ್ಲ. ಗುಡ್ಡ ಎಂದರೆ ನ್ಯೂ ಮೆಕ್ಸಿಕೊದ ನಮ್ಮ ಈ ಕಣಿವೆಗೆ ಒಂದೇ ಗುಡ್ಡ. ಸುತ್ತ ನೂರು ಇದ್ದರೂ ಅವು ಲೆಕ್ಕಕ್ಕಿಲ್ಲ. ಅಲ್ಲಿ ಸರ್ಕಾರದ ಅಣು ಲ್ಯಾಬ್ ಇದೆ, ಬೇಲಿಯ ಹಿಂದೆ ಬೇಲಿ ಇದೆ, ಒಳಗೆ ಹೋಗಿ ಬಂದವರು ಮನೆಯಲ್ಲಿ ಊಟಕ್ಕೆ ಕೂತಾಗ ಹವೆಯ ಬಗ್ಗೆ ಮಾತ್ರ ಮಾತಾಡುತ್ತಾರೆ. ಒರ್ಲಿಂದಾ ಮಸ್ಕರೇನ್ಯಾಸಳ ಅಜ್ಜ ಆ ಗುಡ್ಡದ ರಸ್ತೆ ಕಡಿಯುವಾಗ ಕಲ್ಲು ಹೊತ್ತವನು. ತಾಯಿ ಇಪ್ಪತ್ತಾರು ವರ್ಷ ಅಲ್ಲಿನ ವಿಜ್ಞಾನಿಗಳ ಮನೆಗಳಲ್ಲಿ ನೆಲ ಒರೆಸಿದವಳು, ಅವರ ಮಕ್ಕಳ ಮೂಗನ್ನೂ ಒರೆಸಿದವಳು. ಬೇಲಿಯ ಆಚೆ ಏನಿದೆ ಎಂದು ಇಬ್ಬರೂ ನೋಡಲಿಲ್ಲ. ಒರ್ಲಿಂದಾ ನೋಡಿದಳು. ಪೈಪ್ ಫಿಟ್ಟರ್ ಕೆಲಸ ಕಲಿತು, ಮೂವತ್ತೊಂದನೆಯ ವಯಸ್ಸಿಗೆ ಕ್ಯೂ ಪಡೆದಳು.

ಕ್ಯೂ ಎಂದರೆ ಅತಿ ಗುಟ್ಟಿನ ಜಾಗಕ್ಕೂ ಕಾಲಿಡಬಹುದು ಎಂಬ ಭದ್ರತಾ ಪರವಾನಗಿ. ಅದನ್ನು ಕೊಡುವ ಮೊದಲು ಸರ್ಕಾರ ನೀವು ಹುಟ್ಟಿದ ಮನೆಯಿಂದ ಹಿಡಿದು ನಿಮ್ಮ ಭಾವಮೈದುನನ ಕುಡಿತದ ತನಕ ಕೆದಕುತ್ತದೆ. ಕೊಟ್ಟ ಮೇಲೂ ಸುಮ್ಮನಿರುವುದಿಲ್ಲ, ಐದಾರು ವರ್ಷಕ್ಕೊಮ್ಮೆ ಮತ್ತೆ ಫಾರಂ, ಮತ್ತೆ ಕೆದಕಾಟ. ಮೊದಲ ಸಲ ಆ ಬ್ಯಾಡ್ಜ್ ಬಂದ ದಿನ ತಾಯಿ ಅದನ್ನು ಅಂಗೈಯಲ್ಲಿಟ್ಟುಕೊಂಡು, "ಇಷ್ಟು ಹಗುರಾನಾ ಇದು?" ಎಂದು ಕೇಳಿ ಅತ್ತುಬಿಟ್ಟಿದ್ದಳು. ಊರಿನ ಹೆಣ್ಣುಮಕ್ಕಳಲ್ಲಿ ಅಲ್ಲಿಯ ತನಕ ಕ್ಯೂ ಪಡೆದು ಕೆಲಸದ ಹತ್ಯಾರ ಹಿಡಿದವಳು ಇವಳೊಬ್ಬಳೇ. ಜಂಬ ಇರಲಿಲ್ಲ ಎಂದರೆ ನಾನು ಸುಳ್ಳು ಹೇಳಿದ ಹಾಗಾಗುತ್ತದೆ. ಇತ್ತು, ಚೆನ್ನಾಗಿಯೇ ಇತ್ತು. ಚರ್ಚಿನಲ್ಲಿ ಕಾಣಿಕೆಯ ತಟ್ಟೆ ಹಿಡಿಯುವಾಗ ಕೂಡ ಅವಳ ನಡಿಗೆಯಲ್ಲಿ ಅದು ಕಾಣುತ್ತಿತ್ತು.

ಅವಳ ಕೆಲಸ ಮುಚ್ಚಿದ ಗಾಜಿನ ಪೆಟ್ಟಿಗೆಗಳಿಗೆ ಗಾಳಿಯ, ನೀರಿನ ಪೈಪು ಜೋಡಿಸುವುದು. ಪೆಟ್ಟಿಗೆಯೊಳಗೆ ಏನಿರುತ್ತದೆ ಎಂದು ಅವಳು ಗಂಡ ಲಿಯಾಂದ್ರೊಗೂ ಹೇಳಿದವಳಲ್ಲ. ಒಬ್ಬರೇ ಕೆಲಸ ಮಾಡುವಂತಿಲ್ಲ. ಒಬ್ಬರು ಕಾಗದ ನೋಡಿ ಒಂದು ಹೆಜ್ಜೆ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅದನ್ನೇ ಮತ್ತೆ ಹೇಳಿ ಮಾಡಬೇಕು, ಇಬ್ಬರೂ ಸಹಿ ಹಾಕಬೇಕು. ಹೊರಗೆ ಬರುವಾಗ ಎರಡೂ ಕೈ ಒಂದು ಯಂತ್ರದೊಳಗೆ ಇಡಬೇಕು. ಕಣ್ಣಿಗೆ ಕಾಣದ ವಿಕಿರಣದ ಧೂಳು ಕೈಗೆ ಹತ್ತಿದ್ದರೆ ಗಂಟೆ ಹೊಡೆದುಕೊಳ್ಳುತ್ತದೆ. ಹೊಡೆದರೆ ನಿಂತಲ್ಲೇ ನಿಂತು, "ನನ್ನದು!" ಎಂದು ಕೂಗಬೇಕು. ಕೂಗಿದವರನ್ನು ಯಾರೂ ಬೈಯುವುದಿಲ್ಲ. ಕೈ ಒರೆಸಿಕೊಂಡು ಸದ್ದಿಲ್ಲದೆ ಬಾಗಿಲು ದಾಟಿದವರನ್ನು ಮಾತ್ರ ಆ ಗುಡ್ಡದಲ್ಲಿ ಮನುಷ್ಯರೆಂದು ಎಣಿಸುವುದಿಲ್ಲ. ಅವಳ ಜೋಡಿ ಕೆಲಸಗಾರ ಮಾರ್ತೀನ್ ಸೆರ್ನಾ ಹೊಸಬರಿಗೆಲ್ಲ ಒರ್ಲಿಂದಾಳ ಕಥೆ ಹೇಳುತ್ತಿದ್ದ. ಒಮ್ಮೆ ಕೈಗವಸಿನಲ್ಲಿ ಸೂಜಿಮೊನೆಯಷ್ಟು ತೂತಾಗಿ, ಗಂಟೆ ಹೊಡೆದು, ಇವಳು ಐವತ್ತು ನಿಮಿಷ ಕದಲದೆ ನಿಂತಿದ್ದಳಂತೆ, ಮೂಗು ತುರಿಸಿದರೂ ಮುಟ್ಟಲಿಲ್ಲವಂತೆ.

ಇಂಥವಳು ಪರವಾನಗಿಯ ಫಾರಂನ ಇಪ್ಪತ್ತಮೂರನೆಯ ಪ್ರಶ್ನೆಗೆ ಸುಳ್ಳು ಬರೆದಳು.

ಅದಕ್ಕೆ ನಾಲ್ಕು ವರ್ಷ ಹಿಂದಿನ ಮಾರ್ಚ್ ತಿಂಗಳಿಗೆ ಹೋಗಬೇಕು. ಹೊಲಗಳಿಗೆ ನೀರು ಬಿಡುವ ಮೊದಲು ಊರಿಗೆ ಊರೇ ಸಲಿಕೆ ಹಿಡಿದು ಕಾಲುವೆ ಶುಚಿ ಮಾಡುವ ಶನಿವಾರ. ಕಾಲುವೆಯ ಯಜಮಾನ ದೋನ್ ಸೆಫೆರೀನೊ, ಎಂಬತ್ತರ ಮುದುಕ, ದಡದ ಮೇಲೆ ನಿಂತು ಎಲ್ಲರನ್ನೂ ಬೈಯುತ್ತಿದ್ದ. ಒರ್ಲಿಂದಾ ಒಂದು ಹತ್ತಿಮರದ ಬೇರು ಎಳೆಯುವಾಗ ಬೆನ್ನಲ್ಲಿ ಏನೋ ಕಳಚಿದಂತಾಯಿತು. ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಮಲಗಿದವಳು ಏಳಲಾರದೆ ಹೋದಳು. ಊರಿನ ಕ್ಲಿನಿಕ್ ತೆರೆಯುವುದು ಸೋಮವಾರ.

ಎರಡು ಮನೆ ಆಚೆಗಿರುವ ಬೆರ್ಸಾಬೆ ಕಸಾದೊಸ್ ಅವಳ ಕೊಮಾದ್ರೆ, ಅಂದರೆ ಒರ್ಲಿಂದಾಳ ಮಗಳಿಗೆ ದೀಕ್ಷಾಸ್ನಾನದ ದಿನ ಧರ್ಮತಾಯಿಯಾಗಿ ನಿಂತವಳು. ನಮ್ಮಲ್ಲಿ ಅದು ಒಡಹುಟ್ಟಿಗಿಂತ ಬಿಗಿಯಾದ ನಂಟು. ಬೆರ್ಸಾಬೆಯ ಗಂಡನಿಗೆ ಮಂಡಿಯ ಆಪರೇಷನ್ ಆದಾಗ ಕೊಟ್ಟ ನೋವಿನ ಮಾತ್ರೆಗಳು, ಆತ ಹೃದಯಾಘಾತದಿಂದ ತೀರಿಕೊಂಡ ಮೇಲೂ, ಹಿಟ್ಟಿನ ಡಬ್ಬಿಯ ತಳದಲ್ಲಿ ಉಳಿದಿದ್ದವು. ಅವು ಸಾಮಾನ್ಯ ಮಾತ್ರೆಗಳಲ್ಲ. ನಮ್ಮ ಕಣಿವೆಯ ಹುಡುಗರು ಅಂಥವುಗಳಿಂದಲೇ ಶುರು ಮಾಡಿ ಹೆರಾಯಿನ್ ಸೂಜಿಯ ತನಕ ಹೋಗಿ ರಸ್ತೆ ಬದಿಯ ಶಿಲುಬೆಗಳಾಗಿದ್ದಾರೆ. ಬೆರ್ಸಾಬೆಯ ಒಬ್ಬನೇ ಮಗ ದಾಮಾಸೊ ಕೂಡ ಹಾಗೆಯೇ ಹೋದ, ಇಪ್ಪತ್ತನಾಲ್ಕಕ್ಕೆ. ಆ ಮಾತ್ರೆಯ ಹೆಸರೆತ್ತಿದರೆ ಮುಖ ತಿರುಗಿಸುವ ಹೆಂಗಸು, ಕೊಮಾದ್ರೆಯ ನರಳಾಟ ಕೇಳಲಾರದೆ ಡಬ್ಬಿ ತೆರೆದಳು. ಶನಿವಾರ ಎರಡು, ಭಾನುವಾರ ಎರಡು. ಪ್ರತಿ ಸಲವೂ ತಾನೇ ನಡೆದು ಬಂದು ಬಾಯಿಗೆ ಹಾಕಿ, ನೀರು ಕುಡಿಸಿ, ನಾಲಿಗೆ ಎತ್ತಿಸಿ ನೋಡಿ ಹೋದಳು. ಉಳಿದದ್ದನ್ನು ಬಾಟಲಿ ಸಮೇತ ಒಲೆಗೆ ಹಾಕಿದಳು. ಸೋಮವಾರ ಡಾಕ್ಟರು ಬೇರೆ ಔಷಧಿ ಬರೆದುಕೊಟ್ಟರು, ಬೆನ್ನು ಸರಿಹೋಯಿತು.

ಈ ನಾಲ್ಕು ಮಾತ್ರೆಯನ್ನು ಒರ್ಲಿಂದಾ ಮರೆತೇಬಿಟ್ಟಿದ್ದಳು. ಲ್ಯಾಬಿನವರು ಹೇಳದೆ ಕೇಳದೆ ಕರೆದು ಮೂತ್ರ ಪರೀಕ್ಷೆ ಮಾಡುತ್ತಾರೆ, ಹದಿನೇಳು ವರ್ಷದಲ್ಲಿ ಒಮ್ಮೆಯೂ ಏನೂ ಸಿಕ್ಕಿರಲಿಲ್ಲ. ಹೀಗಿರುವಾಗ, ನಾಲ್ಕು ವರ್ಷದ ಮೇಲೆ, ಸೆಪ್ಟೆಂಬರಿನಲ್ಲಿ ಮತ್ತೆ ಫಾರಂ ಬಂತು. ಇಪ್ಪತ್ತಮೂರನೆಯ ಪ್ರಶ್ನೆ ಮಾದಕ ವಸ್ತುಗಳದ್ದು, ಅದರೊಳಗೆ ಮತ್ತೆ ಹತ್ತಾರು ಪ್ರಶ್ನೆ. ಗಾಂಜಾ, ಕೊಕೇನ್ ಎಲ್ಲದಕ್ಕೂ ಪಟಪಟನೆ "ಇಲ್ಲ" ಒತ್ತುತ್ತಾ ಬಂದಳು. ಅದರ ಕೊನೆಗೊಂದು ಪ್ರಶ್ನೆ: ಕಳೆದ ಏಳು ವರ್ಷಗಳಲ್ಲಿ, ವೈದ್ಯರು ನಿಮಗೆಂದು ಬರೆದುಕೊಡದ ಔಷಧಿಯನ್ನು ಬೇಕೆಂದೇ ತೆಗೆದುಕೊಂಡಿದ್ದೀರಾ? ಹೌದಾದರೆ ಯಾವುದು, ಯಾವಾಗ, ಎಲ್ಲಿಂದ ಬಂತು?

ಒರ್ಲಿಂದಾ ಎದ್ದು ಕಾಫಿ ಬಿಸಿ ಮಾಡಿಕೊಂಡಳು. ಮತ್ತೆ ಕೂತಳು. ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಒಂದೇ ಹೆಸರು. ಸರ್ಕಾರದ ಕಾಗದದಲ್ಲಿ ನೆರೆಯವರ ಹೆಸರು ಬರೆಯುವುದೆಂದರೆ ನಮ್ಮ ಊರಿನಲ್ಲಿ ಅವರ ಬಾವಿಗೆ ವಿಷ ಹಾಕಿದಂತೆಯೇ. ಅದರಲ್ಲೂ ಈ ಹೆಸರು, ಮಗನನ್ನು ಇದೇ ಹಾಳು ವಸ್ತುವಿಗೆ ಕಳೆದುಕೊಂಡವಳ ಹೆಸರು. ಒರ್ಲಿಂದಾ "ಇಲ್ಲ" ಎಂದು ಒತ್ತಿದಳು. ಕೆಳಗೆ, ಇದರಲ್ಲಿ ಬರೆದದ್ದೆಲ್ಲ ಸತ್ಯ ಎಂದು ಸಹಿ ಹಾಕಿದಳು. ಕೊಮಾದ್ರೆಯನ್ನು ಕಾಪಾಡಿದೆ ಎಂದು ಅವಳಿಗೆ ಅನಿಸಿತು. ತನ್ನ ಬ್ಯಾಡ್ಜನ್ನೂ ಕಾಪಾಡಿಕೊಂಡೆ ಎಂಬುದು ಆ ಯೋಚನೆಯ ಹಿಂದೆ ಅಡಗಿ ಕೂತಿತ್ತು, ಅದನ್ನು ಅವಳು ಆಗ ನೋಡಹೋಗಲಿಲ್ಲ.

ಅಕ್ಟೋಬರಿನಲ್ಲಿ ತನಿಖೆಯವನು ಬಂದ. ಹಾಲ್ವರ್ಸನ್ ಎಂದು ಹೆಸರು, ಉತ್ತರದ ಕಡೆಯವನು, ಬಾಗಿಲಿಗೆ ತಲೆ ತಾಗುವಷ್ಟು ಉದ್ದ, ಮಾತು ಕಡಿಮೆ. ಶುಕ್ರವಾರ ಒರ್ಲಿಂದಾಳನ್ನು ಪೇಟೆಯ ಕಚೇರಿಗೆ ಕರೆದಿದ್ದ. ಅದಕ್ಕೆ ಮೊದಲು ಎರಡು ದಿನ ಅವಳ ಬೀದಿಯ ಮನೆಮನೆಗೂ ಹೋಗಿ ವಿಚಾರಿಸಿದ. ವಿಚಾರಿಸಿದ ಎನ್ನುವುದಕ್ಕಿಂತ ತಿಂದ ಎನ್ನಬೇಕು. ಬರ್ರಾಂಕೊದಲ್ಲಿ ಬಂದವರನ್ನು ಬರಿ ಹೊಟ್ಟೆಯಲ್ಲಿ ಕಳಿಸುವ ಪದ್ಧತಿಯಿಲ್ಲ. ಮೂರನೆಯ ಮನೆಯಲ್ಲಿ ಕೆಂಪು ಮೆಣಸಿನಕಾಯಿಯ ಸಾರು ಉಂಡು ಅವನ ಕಣ್ಣು ಮೂಗು ಎಲ್ಲ ಹರಿದು, ಪಾಪ, ಪುಸ್ತಕದಲ್ಲಿ ಬರೆದುಕೊಂಡದ್ದೇ ಕಲಸಿಹೋಯಿತಂತೆ.

ಊರು ಒರ್ಲಿಂದಾಳನ್ನು ಹೊಗಳಿದ್ದೇ ಹೊಗಳಿದ್ದು. ದೋನ್ ಸೆಫೆರೀನೊ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಹೇಳಿದ: "ಔಷಧಿನಾ? ಅವಳಾ? ಸ್ವಾಮಿ, ಹಲ್ಲು ಕೀಳಿಸ್ಕೊಂಡಾಗ್ಲೂ ಅವಳು ಒಂದು ಗುಳಿಗೆ ನುಂಗಿದೋಳಲ್ಲ. ಜಪಮಣಿ ಹಿಡ್ಕೊಂಡು ಕೂತಿದ್ಲು. ಹಲ್ಲಿನ ಡಾಕ್ಟ್ರೇ ಅತ್ಬಿಟ್ರು."

ಬುಧವಾರ ಸಂಜೆ ಒರ್ಲಿಂದಾ ಕೆಲಸದಿಂದ ಬಂದಾಗ ಬೆರ್ಸಾಬೆ ಅವಳ ಅಡುಗೆಮನೆಯಲ್ಲಿ ಗೆದ್ದ ಮುಖ ಮಾಡಿಕೊಂಡು ಕೂತಿದ್ದಳು.

"ಬಂದಿದ್ನಲ್ಲ ಆ ಒಂಟೆ, ನಮ್ಮನೇಗೂ ಬಂದಿದ್ದ. ಎಲ್ಲಾ ಸರಿಮಾಡಿ ಕಳ್ಸಿದೀನಿ, ನೀನು ಏನೂ ಯೋಚ್ನೆ ಮಾಡ್ಬೇಡ."

"ಏನ್ ಕೇಳ್ದ ಕೊಮಾದ್ರೆ?"

"ಎಷ್ಟು ವರ್ಷದಿಂದ ಗೊತ್ತು, ಕುಡೀತಾಳಾ, ಗಂಡ ಹೆಂಡ್ತಿ ಚೆನ್ನಾಗಿದಾರಾ, ಇಷ್ಟೇ. ನಾನೇ ಹೇಳ್ದೆ. ನೋಡಪ್ಪಾ, ಅವಳು ನಮ್ಮನೆಯಿಂದ ಯಾವತ್ತೂ ಒಂದೇ ಒಂದು ಮಾತ್ರೆ ಕೂಡ ತಗೊಂಡೋಳಲ್ಲ, ಬೆನ್ನು ಮುರಿದ್ರೂ ತಗೊಳ್ಳಲ್ಲ ಅಂತ."

ಒರ್ಲಿಂದಾ ಕುರ್ಚಿ ಎಳೆದು ಕೂತಳು. "ಅವನು ಮಾತ್ರೆ ವಿಷಯ ಕೇಳಿದ್ನಾ?"

"ಇಲ್ಲ ಕಣೆ. ಕೇಳೋದಕ್ಕೆ ಮುಂಚೇನೇ ಬಾಯಿ ಮುಚ್ಚಿಸ್ದೆ."

"ಬೆನ್ನಿನ ವಿಷಯ ಕೇಳಿದ್ನಾ?"

"ಅದನ್ನೂ ಇಲ್ಲ." ಬೆರ್ಸಾಬೆಯ ಮುಖ ನಿಧಾನಕ್ಕೆ ಇಳಿಯಿತು. "ಬರ್ಕೊಂಡ, ಅಷ್ಟೇ. ಏನೂ ಅನ್ಲಿಲ್ಲ. ಯಾಕೆ, ತಪ್ಪಾಯ್ತಾ?"

ತಪ್ಪೇ? ಪ್ರೀತಿ ಹೆಚ್ಚಾದವರು ಮಾತ್ರ ಮಾಡುವಂಥ ತಪ್ಪು. ಆದರೂ ಬೆರ್ಸಾಬೆ ಒಂದು ಕ್ಷಣದಲ್ಲಿ ಸುಧಾರಿಸಿಕೊಂಡಳು. "ಏನ್ ಮಾಡ್ತಾನೆ? ಬಾಟ್ಲಿ ಸುಟ್ಟುಹೋಗಿದೆ. ನನ್ನ ಗಂಡ ಮಣ್ಣಲ್ಲಿದಾನೆ. ಗೊತ್ತಿರೋದು ನಂಗೆ, ನಿಂಗೆ, ನಿನ್ನ ಗಂಡನಿಗೆ. ಲಿಯಾಂದ್ರೊ ಬಾಯಿ ತೆಗ್ಯೋದು ಉಣ್ಣಕ್ಕೆ ಮಾತ್ರ. ಕೇಳಿದ್ರೆ ನೀನೂ ಇಲ್ಲ ಅನ್ನು, ಮುಗೀತು."

ಅದು ನಿಜವೂ ಆಗಿತ್ತು. ಊರೆಲ್ಲ ಅವಳ ಕಡೆ, ಪುರಾವೆ ಬೂದಿ. ಇನ್ನೊಂದು "ಇಲ್ಲ" ಎಂದರೆ ಹಾಲ್ವರ್ಸನ್‌ಗೆ ಅನುಮಾನ ಉಳಿಯಬಹುದಿತ್ತು, ಅಷ್ಟೇ. ಒರ್ಲಿಂದಾ ಗುರುವಾರ ಗುಡ್ಡ ಹತ್ತಿದಳು. ಮಾರ್ತೀನ್ ಓದಿದ, ಇವಳು ಮತ್ತೆ ಹೇಳಿದಳು, ಮಾಡಿದಳು, ಸಹಿ ಹಾಕಿದಳು. ಹೊರಗೆ ಬರುವಾಗ ಎರಡೂ ಕೈ ಯಂತ್ರದೊಳಗೆ ಇಟ್ಟಳು. ಗಂಟೆ ಹೊಡೆಯಲಿಲ್ಲ. ಹೊಡೆಯಬೇಕಿತ್ತು ಎಂದು ಅವಳಿಗೆ ಅನಿಸಿತು. ತಾನು ಈಗಾಗಲೇ ಬಾಗಿಲು ದಾಟಿ ಹೋದವಳು ಎಂಬುದು ಅಲ್ಲಿ, ಯಂತ್ರದ ಆ ಹಸಿರು ದೀಪದ ಮುಂದೆ, ಅವಳಿಗೆ ಗೊತ್ತಾಯಿತು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಶುಕ್ರವಾರ ಬೆಳಿಗ್ಗೆ ಪೇಟೆಯ ಕಚೇರಿಯಲ್ಲಿ ಹಾಲ್ವರ್ಸನ್ ಇನ್ನೂ ಫೈಲಿನ ದಾರ ಬಿಚ್ಚುತ್ತಿದ್ದ.

"ಮೊದ್ಲು ನೀವು ಇದ್ದ ವಿಳಾಸಗಳಿಂದ ಶುರು ಮಾಡೋಣ," ಎಂದ.

"ಬೇಡಿ. ಇಪ್ಪತ್ತಮೂರರಿಂದ ಶುರು ಮಾಡಿ. ಅದಕ್ಕೆ ನಾನು ಸುಳ್ಳು ಬರ್ದಿದೀನಿ."

ಅವನು ಪೆನ್ನು ಕೆಳಗಿಟ್ಟ. ಅವಳು ಕಾಲುವೆಯಿಂದ ಹಿಡಿದು ಸೋಮವಾರದ ಡಾಕ್ಟರ ತನಕ ಎಲ್ಲ ಹೇಳಿದಳು. ಅವನು ಕೊನೆಯ ತನಕ ಕೇಳಿ, "ನಾಲ್ಕು ಮಾತ್ರೆ ವಿಷಯ ಅಲ್ಲೇ ಬರ್ದಿದ್ರೆ ಅರ್ಧ ಪುಟದಲ್ಲಿ ಮುಗೀತಿತ್ತು ಅನ್ಸತ್ತೆ ನಂಗೆ," ಎಂದ.

"ಗೊತ್ತು."

"ಈಗ ಮಾತ್ರೆ ಚಿಕ್ಕದು, ಇಲ್ಲ ಅಂತ ಬರೆದು ಸಹಿ ಹಾಕಿದ್ದು ದೊಡ್ಡದು. ನೀವು ಕೆಲಸ ಮಾಡೋ ಜಾಗಕ್ಕೆ ಸುಳ್ಳು ಹೇಳೋರನ್ನ ಬಿಡಲ್ಲ."

"ಬಿಡಬಾರದು."

"ಕೊಟ್ಟೋರು ಯಾರು?"

"ಬೆರ್ಸಾಬೆ ಕಸಾದೊಸ್," ಎಂದಳು. ಅವನು ಅಕ್ಷರ ಕೇಳಿದ, ಒಂದೊಂದಾಗಿ ಹೇಳಿದಳು. ಅದನ್ನು ಹೇಳುವಾಗ ಬಂದ ಅಳು ಕಚೇರಿಯ ಹೊರಗೆ ಕಾರಿನಲ್ಲಿ ಕೂತ ಮೇಲೂ ನಿಲ್ಲಲಿಲ್ಲ.

ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡವೆಂದು ನೇರ ಬೆರ್ಸಾಬೆಯ ಮನೆಗೇ ಹೋದಳು. ಅವಳು ಅಂಗಳದಲ್ಲಿ ಕೂತು ಹಣ್ಣು ಮೆಣಸಿನಕಾಯಿ ಸರ ಕಟ್ಟುತ್ತಿದ್ದಳು. ಒರ್ಲಿಂದಾ ಪಕ್ಕದಲ್ಲಿ ಕೂತು, ಎಲ್ಲ ಒಪ್ಪಿಕೊಂಡು ಬಂದೆ ಎಂದಳು.

"ನನ್ನ ಹೆಸ್ರು ಹೇಳಿದ್ಯಾ?"

"ಹೇಳ್ದೆ ಕೊಮಾದ್ರೆ."

"ಪೂರ್ತಿ?"

"ಪೂರ್ತಿ."

ಬೆರ್ಸಾಬೆ ಕೈಯಲ್ಲಿದ್ದ ಸರ ಮುಗಿಸಿ ಗಂಟು ಹಾಕಿದಳು. "ನನ್ನ ದಾಮಾಸೊ ಯಾವುದ್ರಿಂದ ಸತ್ತ ಅಂತ ಊರಿಗೆಲ್ಲ ಗೊತ್ತು. ಅವನ ಅಮ್ಮ ಅದನ್ನೇ ಹಂಚ್ತಾಳೆ ಅಂತ ಇನ್ಮೇಲೆ ಕಾಗದದಲ್ಲೂ ಇರತ್ತೆ. ನೀನು ಒಳ್ಳೇದೇ ಮಾಡಿದೀಯ ಇರ್ಬೋದು. ಈಗ ಎದ್ದು ಹೋಗು, ನಿನ್ನ ಮುಖ ನೋಡಕ್ಕಾಗ್ತಿಲ್ಲ." ಬೆರ್ಸಾಬೆಯ ಮೇಲೆ ಯಾವ ಮೊಕದ್ದಮೆಯೂ ಆಗಲಿಲ್ಲ, ಯಾರೂ ಬಂದು ಬಾಗಿಲು ತಟ್ಟಲಿಲ್ಲ. ಆದರೆ ಅಂದಿನಿಂದ ಚರ್ಚಿನಲ್ಲಿ ಇನ್ನೊಂದು ಸಾಲಿನಲ್ಲಿ ಕೂರತೊಡಗಿದಳು.

ನವೆಂಬರಿನಲ್ಲಿ ಪತ್ರ ಬಂತು, ಪರವಾನಗಿ ಅಮಾನತು. ಒರ್ಲಿಂದಾ ಬ್ಯಾಡ್ಜನ್ನು ಭದ್ರತಾ ಕಚೇರಿಯ ಕಿಟಕಿಯೊಳಗೆ ಕೊಟ್ಟು ಸಹಿ ಹಾಕಿದಳು. ಕೆಲಸದಿಂದ ತೆಗೆಯಲಿಲ್ಲ, ಬೇಲಿಯ ಹೊರಗಿನ ಪೈಪ್ ಅಂಗಳಕ್ಕೆ ಹಾಕಿದರು. ಅಲ್ಲಿ ಗರಗಸ ಹಿಡಿದು ಅಳತೆಗೆ ಪೈಪು ಕತ್ತರಿಸುವುದು, ತುಕ್ಕು ಉಜ್ಜುವುದು. ಹದಿನೇಳು ವರ್ಷದ ಹಳಬಳಿಗೆ ಕಾಯಂ ಆಗದ ಹೊಸಬರ ಕೆಲಸ. ಬೆಳಿಗ್ಗೆ ಮಾರ್ತೀನ್ ಗೇಟಿನ ಸಾಲಿನಲ್ಲಿ ನಿಂತು ಇವಳ ಕಡೆ ಕೈ ಎತ್ತುತ್ತಿದ್ದ, ಇವಳೂ ಎತ್ತುತ್ತಿದ್ದಳು. ಸಾಲು ಒಳಗೆ ಹೋಗುತ್ತಿತ್ತು, ಇವಳು ಹೊರಗೆ ಉಳಿಯುತ್ತಿದ್ದಳು. ಅವಳು ಕತ್ತರಿಸಿದ ಪೈಪಿನ ಬಾಯಿ ಬೆರಳಾಡಿಸಿದರೂ ತರಚದಷ್ಟು ನುಣುಪಾಗಿರುತ್ತಿತ್ತು ಎಂದು ಅಂಗಳದವರು ಈಗಲೂ ಹೇಳುತ್ತಾರೆ.

ಊರಿನ ಬಾಯಿ ಸುಮ್ಮನಿರಲಿಲ್ಲ. ಅವಳೇ ಹೋಗಿ ಒಪ್ಪಿಕೊಂಡಳಂತೆ ಎಂಬುದು ಹಬ್ಬಿತು. ಕೊಟ್ಟವರು ಯಾರೆಂದು ಎಲ್ಲರೂ ಕೇಳಿದರು. ಒರ್ಲಿಂದಾ ಯಾರಿಗೂ ಹೇಳಲಿಲ್ಲ. ಸರ್ಕಾರಕ್ಕೆ ಹೇಳಬೇಕಾದ್ದು ಸರ್ಕಾರಕ್ಕೆ, ಊರಿಗೆ ಅದರ ಹಕ್ಕಿಲ್ಲ ಎನ್ನುವುದು ಅವಳ ಲೆಕ್ಕ. ಹೀಗಾಗಿ ಊರು ತನಗೆ ತೋಚಿದ ಹೆಸರುಗಳನ್ನೆಲ್ಲ ಹಿಡಿದು ಆಡಿಸಿತು, ಪಾಪದ ಲಿಯಾಂದ್ರೊನನ್ನೂ ಬಿಡಲಿಲ್ಲ. ದೋನ್ ಸೆಫೆರೀನೊ ದಾರಿಯಲ್ಲಿ ಸಿಕ್ಕಾಗ ಊರುಗೋಲು ನೆಲಕ್ಕೆ ಕುಟ್ಟಿ ಜಗಳಕ್ಕೇ ನಿಂತ.

"ಅಲ್ಲ ಮಗಾ, ಆ ಹಲ್ಲಿನ ಕಥೆ ಅಷ್ಟು ಚೆನ್ನಾಗಿ ಕಟ್ಟಿ ಹೇಳಿದ್ನಲ್ಲ, ಎಲ್ಲಾ ದಂಡ ಮಾಡಿದ್ಯಲ್ಲ! ನನ್ನ ಆಯುಸ್ಸಿನಲ್ಲೇ ಸರ್ಕಾರದೋರು ನಂಬಿದ ಒಂದೇ ಒಂದು ಮಾತು ಅದು."

"ನಾನು ಹಲ್ಲು ಕೀಳಿಸ್ಕೊಂಡೇ ಇಲ್ವಲ್ಲ ದೋನ್ ಸೆಫೆರೀನೊ."

"ಅದು ನಿಂಗ್ ಗೊತ್ತು, ನಂಗ್ ಗೊತ್ತು. ಅವನಿಗ್ ಗೊತ್ತಿತ್ತಾ?"

ಪರವಾನಗಿ ಮರಳಿ ಕೊಡಬೇಕೋ ಬೇಡವೋ ಎಂಬುದಕ್ಕೆ ಮುಂದಿನ ಆಗಸ್ಟಿನಲ್ಲಿ ಆಲ್ಬುಕರ್ಕಿ ನಗರದಲ್ಲಿ ವಿಚಾರಣೆ. ವಕೀಲರನ್ನು ಇಟ್ಟುಕೊಳ್ಳದೆ ಒರ್ಲಿಂದಾ ತಾನೇ ಉತ್ತರ ಹೇಳುವುದೆಂದು ತೀರ್ಮಾನಿಸಿದಳು. ಆ ದಿನ ಬೆಳಿಗ್ಗೆ ಲಿಯಾಂದ್ರೊ ಕಾರು ತೆಗೆದಾಗ ಹಿಂದಿನ ಸೀಟಿನಲ್ಲಿ ಆಗಲೇ ಯಾರೋ ಕೂತಿದ್ದರು. ಬೆರ್ಸಾಬೆ, ಈಸ್ಟರ್ ಹಬ್ಬಕ್ಕೆ ಉಡುವ ಕಪ್ಪು ಉಡುಪಿನಲ್ಲಿ, ಮಡಿಲಲ್ಲಿ ಕೈಚೀಲ.

"ಸರ್ಕಾರಿ ವಕೀಲ್ರು ಇವ್ರಿಗೆ ಸಾಕ್ಷಿಗೆ ಬರಕ್ಕಾಗತ್ತಾ ಅಂತ ಕಾಗದ ಹಾಕಿದ್ರಂತೆ. ನಂಗೆ ಕಾರಿಲ್ಲ ಕರ್ಕೊಂಡೋಗು ಅಂದ್ರು," ಎಂದ ಲಿಯಾಂದ್ರೊ, ಹೆಂಡತಿಯ ಮುಖ ನೋಡದೆ. "ಬೇಡ ಅನ್ನಕ್ಕಾಗತ್ತಾ?"

ತೊಂಬತ್ತು ಮೈಲಿ ದಾರಿ, ಬೆರ್ಸಾಬೆ ಒಂದು ಮಾತೂ ಆಡಲಿಲ್ಲ. ಒಮ್ಮೆ ಕಿಟಕಿ ಇಳಿಸೆಂದು ಲಿಯಾಂದ್ರೊನ ಭುಜ ತಟ್ಟಿದಳು, ಅಷ್ಟೇ. ಅವಳು ಸರ್ಕಾರದ ಕಡೆಗೆ ಸಾಕ್ಷಿ ಹೇಳುತ್ತಾಳೋ ತನ್ನ ಕಡೆಗೋ ಎಂದು ಕೂಡ ಒರ್ಲಿಂದಾಳಿಗೆ ತಿಳಿಯಲಿಲ್ಲ.

ನ್ಯಾಯಾಧೀಶೆ ವಿಟ್ಲಾಕ್ ಎಂಬ ಹೆಂಗಸು, ಕೂದಲು ಗಿಡ್ಡ, ದನಿ ಮೆತ್ತಗೆ. ಮಾರ್ತೀನ್ ಸೆರ್ನಾ ಒರ್ಲಿಂದಾ ಐವತ್ತು ನಿಮಿಷ ಕದಲದೆ ನಿಂತ ಕಥೆ ಹೇಳಿದ. ಆಮೇಲೆ ನ್ಯಾಯಾಧೀಶೆ ಒರ್ಲಿಂದಾಳ ಕಡೆ ತಿರುಗಿದಳು.

"ಬುಧವಾರ ಸಂಜೆ ನಿಮಗೆ ಒಂದು ವಿಷಯ ಗೊತ್ತಾಯ್ತು. ನಿಮ್ಮ ನೆರೆಯೋರು ಕೇಳದೇನೇ ಮಾತ್ರೆ ವಿಷಯ ಎತ್ತಿದಾರೆ, ತನಿಖೆಯೋರಿಗೆ ಅನುಮಾನ ಬಂದಿರತ್ತೆ ಅಂತ. ಶುಕ್ರವಾರ ನೀವು ಒಪ್ಕೊಂಡ್ರಿ. ಸಿಕ್ಕಿಬೀಳ್ತೀನಿ ಅನ್ನೋ ಭಯಕ್ಕೆ ಒಪ್ಕೊಂಡಿದ್ದಲ್ವಾ?"

ಇದೇ ಪ್ರಶ್ನೆಯ ಮೇಲೆ ಎಲ್ಲವೂ ನಿಂತಿದೆ ಎಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲ್ಲ ಎಂದುಬಿಟ್ಟರೆ ಸಾಕಿತ್ತು, ಯಾರೂ ಎದೆ ಸೀಳಿ ನೋಡುತ್ತಿರಲಿಲ್ಲ.

"ಸ್ವಲ್ಪ ಅದೂ ಇತ್ತು ಅಮ್ಮಾ," ಎಂದಳು ಒರ್ಲಿಂದಾ.

"ಎಷ್ಟು?"

"ತೂಕ ಹಾಕಿ ನೋಡಿಲ್ಲ. ನಾಚ್ಕೆ ಅದಕ್ಕಿಂತ ಜಾಸ್ತಿ ಇತ್ತು. ಆದ್ರೆ ಭಯ ಇರ್ಲೇ ಇಲ್ಲ ಅಂದ್ರೆ, ಇವತ್ತು ಎರಡನೇ ಸುಳ್ಳು ಹೇಳಿದ ಹಾಗಾಗತ್ತೆ. ಮೊದಲ್ನೇದೇ ಸಾಕಾಗಿದೆ ನಂಗೆ."

ಸರ್ಕಾರಿ ವಕೀಲ ಏನನ್ನೋ ಗೀಚಿಕೊಂಡ. ಲಿಯಾಂದ್ರೊ ತಲೆ ಬಗ್ಗಿಸಿ ಕೂತ. ಆಮೇಲೆ ಬೆರ್ಸಾಬೆಯನ್ನು ಕರೆದರು. ಅವಳು ಕೈಚೀಲವನ್ನು ಮಡಿಲಿಂದ ಇಳಿಸದೆಯೇ ಪ್ರಮಾಣ ಮಾಡಿದಳು. ನಡೆದದ್ದನ್ನೆಲ್ಲ ಸರಿಯಾಗಿ ಹೇಳಿದಳು, ಡಬ್ಬಿ, ನಾಲ್ಕು ಮಾತ್ರೆ, ಒಲೆ.

"ತನಿಖೆಯೋರಿಗೆ ನೀವು ಸುಳ್ಳು ಹೇಳಿದ್ರಿ," ಎಂದಳು ನ್ಯಾಯಾಧೀಶೆ. "ಇವತ್ತು ನಿಮ್ಮನ್ನ ನಾನು ಯಾಕೆ ನಂಬ್ಬೇಕು?"

"ನನ್ನ ನಂಬ್ಬೇಡಿ. ನಾನು ಅವಳಿಗೋಸ್ಕರ ಇನ್ನೊಂದು ಸಲ ಬೇಕಾದ್ರೂ ಹೇಳ್ತಿದ್ದೆ." ಬೆರ್ಸಾಬೆ ಮೊದಲ ಸಲ ಒರ್ಲಿಂದಾಳ ಕಡೆ ನೋಡಿದಳು. "ಬುಧವಾರ ನಾನೇ ಅವಳಿಗೆ ಹೇಳಿದ್ದು, ಬಾಟ್ಲಿ ಸುಟ್ಟಿದೀನಿ, ಯಾರಿಗೂ ಗೊತ್ತಿಲ್ಲ, ಇಲ್ಲ ಅನ್ನು ಅಂತ. ಇಲ್ಲ ಅಂದಿದ್ರೆ ಅವಳ ಬ್ಯಾಡ್ಜು ಅವಳ ಹತ್ರಾನೇ ಇರ್ತಿತ್ತು, ನಾನೂ ಇರ್ತಿದ್ದೆ. ನನ್ನ ಹೆಸ್ರು ಹೇಳಿದ್ರೆ ನಾನು ಮುಖ ನೋಡಲ್ಲ ಅಂತ ಅವಳಿಗ್ ಚೆನ್ನಾಗ್ ಗೊತ್ತಿತ್ತು. ಮಗಳ ದೀಕ್ಷಾಸ್ನಾನಕ್ಕೆ ನಿಂತೋಳು ನಾನು. ಗೊತ್ತಿದ್ದೂ ಹೇಳಿದ್ಲು. ಹತ್ತು ತಿಂಗ್ಳಾಯ್ತು, ನಾನು ಅವಳ್ನ ಮಾತಾಡ್ಸಿಲ್ಲ. ನನ್ನನ್ನೇ ಬಿಟ್ಕೊಟ್ಟು ನಿಜ ಹೇಳಿದೋಳು ಇನ್ನು ನಿಮ್ಮಿಂದ ಏನ್ ಮುಚ್ಚಿಡ್ತಾಳೆ ಹೇಳಿ?"

ಸಿಟ್ಟು ಇನ್ನೂ ಹಾಗೆಯೇ ಇತ್ತು ಅವಳ ದನಿಯಲ್ಲಿ. ಆ ಸಿಟ್ಟಿನಿಂದಲೇ ಆ ಮಾತಿಗೆ ತೂಕ ಬಂತೆಂದು ನಾನು ಅಂದುಕೊಂಡಿದ್ದೇನೆ.

ಅಕ್ಟೋಬರಿನ ಒಂದು ಶುಕ್ರವಾರ ತೀರ್ಪು ಬಂತು, ಹನ್ನೆರಡು ಪುಟ. ಪರವಾನಗಿ ಮರಳಿಸಬಹುದು. ಲಿಯಾಂದ್ರೊ ಹೆಂಡತಿಯನ್ನು ಎತ್ತಿ ಒಂದು ಸುತ್ತು ಸುತ್ತಿಸಿ, ಅವಳ ಬೆನ್ನು ನೆನಪಾಗಿ ಹೆದರಿ ಇಳಿಸಿದ. ಒರ್ಲಿಂದಾ ನಗುತ್ತ ಅಳುತ್ತ ಹನ್ನೆರಡೂ ಪುಟ ಓದಿದಳು. ಓದಿ ಮುಗಿಸಿ, "ಭಾನುವಾರ ಇದನ್ನ ಚರ್ಚಿನ ಅಂಗಳದಲ್ಲಿ ಓದ್ತೀನಿ," ಎಂದಳು.

"ಯಾಕೆ? ಗೆದ್ದಿದೀಯ ಅಂತ ಹೇಳಿದ್ರೆ ಸಾಲ್ದಾ?"

"ಒಂಬತ್ತು ಮನೆಯೋರು ಆ ತನಿಖೆಯೋನ ಮುಂದೆ ನಂಗೋಸ್ಕರ ಸಾಕ್ಷಿ ಹೇಳಿದಾರೆ. ಯಾರಿಗೆ ಸಾಕ್ಷಿ ಹೇಳಿದ್ವಿ ಅಂತ ಅವರಿಗೂ ಗೊತ್ತಾಗ್ಲಿ."

ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ದೋನ್ ಸೆಫೆರೀನೊ ಕಾಲುವೆಯ ನೀರಿನ ಸರದಿ ಹೇಳುವುದು ವಾಡಿಕೆ. ಅದು ಮುಗಿದದ್ದೇ ಒರ್ಲಿಂದಾ ಮೆಟ್ಟಿಲು ಹತ್ತಿ ನಿಂತಳು. ಊರು ಕಾರುಗಳ ಕಡೆ ಹೊರಟದ್ದು ತಿರುಗಿ ಬಂತು. ಅವಳು ತನಗೆ ಒಪ್ಪುವ ಭಾಗದಿಂದ ಶುರು ಮಾಡಲಿಲ್ಲ. ನೇರ ಐದನೆಯ ಪುಟದಿಂದ ಓದಿದಳು: ಈಕೆ ಸರ್ಕಾರದ ಫಾರಂನಲ್ಲಿ ಬೇಕೆಂದೇ ಸುಳ್ಳು ಬರೆದಿದ್ದಾಳೆ, ಇದು ಗಂಭೀರವಾದ ತಪ್ಪು. ಯಾರೋ ಕೆಮ್ಮಿದರು. ಅವಳು ಗಟ್ಟಿಯಾಗಿ, ಪ್ರತಿ ಹೆಜ್ಜೆಯನ್ನೂ ಓದಿ ಹೇಳುವ ತನ್ನ ಕೆಲಸದ ದನಿಯಲ್ಲೇ ಮುಂದೆ ಹೋದಳು. ಯಾರೂ ಕೇಳುವ ಮೊದಲೇ ತಾನಾಗಿ ತಿದ್ದಿಕೊಂಡಿದ್ದಾಳೆ. ತನಗೆ ನಷ್ಟವಾಗುವ ಉತ್ತರವನ್ನೂ ಪ್ರಮಾಣ ಮಾಡಿ ಕೊಟ್ಟಿದ್ದಾಳೆ. ಇಂಥವಳ ಮಾತನ್ನು ಮುಂದೆ ನಂಬಬಹುದು.

ಅದಕ್ಕೆ ಮುಂದಿನ ಸಾಲಿನಲ್ಲಿ ಅವಳ ದನಿ ಇಳಿಯಿತು. ತೀರ್ಪಿನಲ್ಲಿ ಯಾರ ಹೆಸರೂ ಇರಲಿಲ್ಲ, ಇಂಥ ತೀರ್ಪುಗಳನ್ನು ಹಾಗೆಯೇ ಬರೆಯುವುದು. "ಮಾತ್ರೆಯನ್ನು ಕೊಟ್ಟ ಒಬ್ಬ ನೆರೆಯಾಕೆ ಈ ವಿಚಾರಣೆಯಲ್ಲಿ ಸತ್ಯವನ್ನು ಹೇಳಿದ್ದಾಳೆ," ಎಂದು ಅವಳು ಬೇಗ ಬೇಗ ಓದಿ ಪುಟ ತಿರುಗಿಸಹೋದಳು. ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಿಲ್ಲಿಸು," ಎಂದು ಹಿಂದಿನಿಂದ ದನಿ ಬಂತು. ಬೆರ್ಸಾಬೆ ಜನರ ನಡುವೆ ದಾರಿ ಬಿಡಿಸಿಕೊಂಡು ಮುಂದೆ ಬಂದಳು, ಮೆಟ್ಟಿಲ ಬುಡದಲ್ಲಿ ನಿಂತಳು. ವರ್ಷದ ಮೇಲೆ ಮೊದಲ ಸಲ ಅವಳು ಒರ್ಲಿಂದಾಳನ್ನು ನೇರವಾಗಿ ಮಾತಾಡಿಸುತ್ತಿದ್ದಳು.

"ಎಲ್ಲಾ ಜೋರಾಗಿ ಓದಿ ಅದೊಂದನ್ನ ಯಾಕೆ ನುಂಗ್ತೀಯ? ನೆರೆಯಾಕೆ ಅಂದ್ರೆ ಯಾರು ಅಂತ ಇವರಿಗೆ ಹೇಗ್ ಗೊತ್ತಾಗ್ಬೇಕು? ಬೆರ್ಸಾಬೆ ಕಸಾದೊಸ್ ಅಂತ ಓದು. ದಾಮಾಸೊನ ಅಮ್ಮ ಅಂತ್ಲೂ ಸೇರಿಸ್ಕೊಂಡು ಓದು."

ಒರ್ಲಿಂದಾ ಕಣ್ಣೊರೆಸಿಕೊಂಡು, ಆ ಸಾಲನ್ನು ಮೊದಲಿಂದ, ಆ ಹೆಸರಿಟ್ಟು, ಕಡೆಯ ಕಾರಿನ ಹತ್ತಿರ ನಿಂತವರಿಗೂ ಕೇಳುವ ಹಾಗೆ ಓದಿದಳು.